ಗೆರೆ ದಾಟಿ ಬಿದ್ದ ಮಗಳು, 1928ರ ಆಮ್‌ಸ್ಟರ್‌ಡಾಮ್ ಮತ್ತು ಮೈದುನನ ಮೆಸೇಜು

ಪ್ರಶ್ನೆ: ನನ್ನ ಮಗಳಿಗೆ ಹದಿನೈದು ವರ್ಷ, ಹತ್ತನೇ ಕ್ಲಾಸು. ಮೊದಲೆಲ್ಲ 200 ಮೀಟರ್ ಓಡುತ್ತಿದ್ದಳು. ಈ ವರ್ಷ ಸ್ಕೂಲಿನ ಪಿ.ಟಿ. ಮೇಷ್ಟ್ರು 800ಕ್ಕೆ ಹಾಕಿದರು. ಮೂರು ವಾರ ಪ್ರಾಕ್ಟೀಸ್ ಮಾಡಿ ಜಿಲ್ಲಾ ಮಟ್ಟದಲ್ಲಿ ಎರಡನೆಯವಳಾಗಿ ಬಂದಳು. ಮೊದಲ ಸುತ್ತು 70 ಸೆಕೆಂಡ್, ಒಟ್ಟು 2 ನಿಮಿಷ 38 ಸೆಕೆಂಡ್ ಎಂದು ಮೇಷ್ಟ್ರು ಬರೆದುಕೊಂಡಿದ್ದಾರೆ. ಮಧ್ಯಾಹ್ನ ಹನ್ನೆರಡಕ್ಕೆ ಓಟ, ಹನ್ನೊಂದಕ್ಕೆ ಚಿತ್ರಾನ್ನ ತಿಂದಿದ್ದಳು. ಗೆರೆ ದಾಟಿದವಳೇ ನೆಲಕ್ಕೆ ಬಿದ್ದಳು, ವಾಂತಿ ಮಾಡಿಕೊಂಡಳು, ಹತ್ತು ನಿಮಿಷ ಏಳಲಿಲ್ಲ. ಪ್ರಜ್ಞೆ ಇತ್ತು, ಕೇಳಿದ್ದಕ್ಕೆ ಉತ್ತರ ಕೊಡುತ್ತಿದ್ದಳು. ಅಂದಿನಿಂದ ನಮ್ಮತ್ತೆ ಓಟವೇ ಬೇಡ ಎನ್ನುತ್ತಿದ್ದಾರೆ. ಅದಕ್ಕೆ ಸರಿಯಾಗಿ ಮೈದುನ ಒಂದು ಮೆಸೇಜ್ ಕಳಿಸಿದ್ದಾನೆ. 1928ರ ಒಲಿಂಪಿಕ್ಸ್‌ನಲ್ಲಿ ಹನ್ನೊಂದು ಹೆಂಗಸರು 800 ಓಡಿದರಂತೆ, ಐವರು ಅರ್ಧದಲ್ಲೇ ಬಿಟ್ಟರಂತೆ, ಐವರು ಗೆರೆ ದಾಟಿ ಕುಸಿದರಂತೆ. ಎರಡನೇ ಬಂದ ಜಪಾನಿನ ಹುಡುಗಿ ಅದರಿಂದಲೇ ಸತ್ತಳಂತೆ. ಅದಕ್ಕೇ ಆ ಓಟವನ್ನು ಮೂವತ್ತು ವರ್ಷ ನಿಲ್ಲಿಸಿದ್ದರಂತೆ. ಇದು ನಿಜವೇ? ಮಗಳು ಮಾತ್ರ 800 ಬಿಡುವುದಿಲ್ಲ ಎಂದು ಹಟ ಹಿಡಿದಿದ್ದಾಳೆ. ಏನು ಮಾಡಲಿ?

ಉತ್ತರ:

ನಿಮ್ಮ ಪತ್ರದಲ್ಲಿ ಎರಡು ಹೆದರಿಕೆಗಳು ಒಂದಕ್ಕೊಂದು ಹೆಣೆದುಕೊಂಡಿವೆ. ಒಂದು ನೀವು ಕಣ್ಣಾರೆ ಕಂಡದ್ದು, ಇನ್ನೊಂದು ಮೊಬೈಲಿನಲ್ಲಿ ಬಂದದ್ದು. ಎರಡನೆಯದನ್ನು ಮೊದಲು ಬಿಡಿಸುತ್ತೇನೆ, ಅಮ್ಮಾ. ಅದು ವಾಟ್ಸ್ಯಾಪ್ ಹುಟ್ಟುವ ಎಂಬತ್ತು ವರ್ಷ ಮೊದಲೇ ಹುಟ್ಟಿದ ಸುಳ್ಳು. ಮೂವತ್ತು ವರ್ಷ ಮಕ್ಕಳಿಗೆ ಓಟ ಕಲಿಸಿದ್ದೇನೆ. ಬೇರೆ ಬೇರೆ ಊರಿನ ಅಜ್ಜಿ, ದೊಡ್ಡಪ್ಪ, ಹೆಡ್‌ಮಾಸ್ಟರುಗಳ ಬಾಯಲ್ಲಿ ಇದೇ ಕಥೆಯನ್ನು ಬೇರೆ ಬೇರೆ ರೂಪದಲ್ಲಿ ಕೇಳಿದ್ದೇನೆ. ಮೂಲ ಎಲ್ಲಿಯದೆಂದು ಅವರಿಗೂ ಗೊತ್ತಿರಲಿಲ್ಲ.

ಮೂಲ ಆಮ್‌ಸ್ಟರ್‌ಡಾಮ್. 1928ರ ಆಗಸ್ಟ್ 2. ಒಲಿಂಪಿಕ್ಸ್‌ನಲ್ಲಿ ಹೆಂಗಸರಿಗೆ ಟ್ರ್ಯಾಕ್ ಮೇಲೆ ಕಾಲಿಡಲು ಬಿಟ್ಟದ್ದೇ ಆ ಕೂಟದಲ್ಲಿ, ಅದೂ ಐದೇ ಸ್ಪರ್ಧೆಗಳಿಗೆ: 100 ಮೀಟರ್, 800 ಮೀಟರ್, 4x100 ರಿಲೇ, ಎತ್ತರ ಜಿಗಿತ, ಡಿಸ್ಕಸ್. ಐದು ಸಾಲದೆಂದು ಬ್ರಿಟನ್ನಿನ ಮಹಿಳಾ ಓಟಗಾರರು ಕೂಟಕ್ಕೇ ಬರಲಿಲ್ಲ. 800ರ ಫೈನಲ್‌ನಲ್ಲಿ ಹೊರಟವರು ಹನ್ನೊಂದಲ್ಲ, ಒಂಬತ್ತು ಮಂದಿ. ಒಂಬತ್ತೂ ಮಂದಿ ಓಟ ಮುಗಿಸಿದರು. ಅರ್ಧದಲ್ಲಿ ಬಿಟ್ಟವರು ಒಬ್ಬರೂ ಇಲ್ಲ. ಆ ಓಟದ ಫಿಲ್ಮ್ ತುಣುಕು ಉಳಿದಿದೆ. ಅದರಲ್ಲಿ ಕಾಣುವುದು ಗೆರೆಯ ಹತ್ತಿರ ಬಿದ್ದು ಎದ್ದ ಒಬ್ಬ ಓಟಗಾರ್ತಿ. ಮುಗಿಸಿದ ಮೇಲೆ ಕೆಲವರು ಹುಲ್ಲಿನ ಮೇಲೆ ಮೈಚೆಲ್ಲಿದರು. 800 ಓಡಿದ ಗಂಡಸರೂ ಅದನ್ನೇ ಮಾಡುತ್ತಾರೆ. ಯಾವುದೇ ಜಿಲ್ಲಾ ಕೂಟಕ್ಕೆ ಹೋಗಿ, ಗೆರೆಯಾಚೆ ನೋಡಿ.

ಹಾಗಾದರೆ ‘ಐವರು ಬಿಟ್ಟರು, ಐವರು ಕುಸಿದರು’ ಎಂಬ ಲೆಕ್ಕ ಎಲ್ಲಿಂದ ಬಂತು? ಪತ್ರಿಕೆಗಳಿಂದ. ‘ಹನ್ನೊಂದು ಮಂದಿ ಪಾಪದ ಹೆಂಗಸರು’ ಎಂಬರ್ಥದಲ್ಲಿ ಒಬ್ಬ ಅಮೆರಿಕನ್ ವರದಿಗಾರ ಬರೆದದ್ದೇ ಎಲ್ಲ ಕಡೆ ಹಬ್ಬಿತು. ಓಡಿದವರ ಸಂಖ್ಯೆಯನ್ನೇ ತಪ್ಪು ಎಣಿಸಿದ ಮನುಷ್ಯ ಕುಸಿದವರನ್ನು ಸರಿಯಾಗಿ ಎಣಿಸಿಯಾನೇ? ಹೆಂಗಸರ ಓಟವೇ ಬೇಡವೆನ್ನುವವರು ಒಲಿಂಪಿಕ್ ಆಡಳಿತದಲ್ಲಿ ಮೊದಲಿನಿಂದಲೂ ಇದ್ದರು. ಆಧುನಿಕ ಒಲಿಂಪಿಕ್ಸ್ ಶುರು ಮಾಡಿದ ಪಿಯರ್ ದ ಕೂಬರ್ತನ್ ಅವರೇ ಅದಕ್ಕೆ ವಿರೋಧವಾಗಿದ್ದವರು. ಅಂಥವರಿಗೆ ಈ ವರದಿ ಹಸಿದವರ ಮುಂದೆ ಎಲೆ ಹಾಕಿದಂತಾಯಿತು. ಅಂತರರಾಷ್ಟ್ರೀಯ ಅಥ್ಲೆಟಿಕ್ಸ್ ಸಂಸ್ಥೆ 800ನ್ನು ಮಹಿಳೆಯರ ಪಟ್ಟಿಯಿಂದ ತೆಗೆದುಹಾಕಿತು. 1932ರ ಲಾಸ್ ಏಂಜಲೀಸ್‌ನಲ್ಲೂ 1936ರ ಬರ್ಲಿನ್‌ನಲ್ಲೂ ಒಬ್ಬ ಹೆಂಗಸು ಒಂಟಿಯಾಗಿ ಓಡಬಹುದಾಗಿದ್ದ ಅತಿ ದೂರ ಎಷ್ಟು ಗೊತ್ತೇ? 100 ಮೀಟರ್. 800 ವಾಪಸ್ ಬಂದದ್ದು 1960ರ ರೋಮ್‌ನಲ್ಲಿ. ಅಂದರೆ ನಿಮ್ಮ ಮೈದುನನ ಮೆಸೇಜಿನಲ್ಲಿ ‘ಮೂವತ್ತು ವರ್ಷ ನಿಲ್ಲಿಸಿದ್ದರು’ ಎಂಬುದು ನಿಜ, 32 ವರ್ಷ. ನಿಲ್ಲಿಸಿದ ಕಾರಣ ಮಾತ್ರ ಸುಳ್ಳು.

ಇದಕ್ಕೆ ಇಪ್ಪತ್ತು ವರ್ಷ ಹಿಂದೆ, 1908ರ ಲಂಡನ್ ಮ್ಯಾರಥಾನ್‌ನಲ್ಲಿ ಇಟಲಿಯ ದೊರಾಂದೋ ಪಿಯೆತ್ರಿ ಸ್ಟೇಡಿಯಂ ಒಳಗೆ ಮತ್ತೆ ಮತ್ತೆ ಬಿದ್ದ. ಅಧಿಕಾರಿಗಳು ಎತ್ತಿ ನಿಲ್ಲಿಸಿ ಗೆರೆ ದಾಟಿಸಿದರು, ಅದಕ್ಕಾಗಿಯೇ ಅನರ್ಹನಾದ. ಮರುದಿನ ರಾಣಿ ಅಲೆಕ್ಸಾಂಡ್ರಾ ಅವನಿಗೆ ಬೆಳ್ಳಿ ಬಟ್ಟಲು ಕೊಟ್ಟಳು, ಜಗತ್ತಿಗೆಲ್ಲ ಅವನು ವೀರನಾದ. ನ್ಯಾಯವಾಗಿ ಇನ್ನೊಂದು ಮಾತನ್ನೂ ಹೇಳಬೇಕು: 1924ರ ಪ್ಯಾರಿಸ್‌ನಲ್ಲಿ ಬಿಸಿಲಿಗೆ ಸಿಕ್ಕಿ ಅರ್ಧಕ್ಕಿಂತ ಹೆಚ್ಚು ಗಂಡಸರು ಮುಗಿಸಲಾಗದ ಕ್ರಾಸ್ ಕಂಟ್ರಿ ಓಟವನ್ನೂ ಒಲಿಂಪಿಕ್ಸ್‌ನಿಂದ ತೆಗೆದರು. ಆದರೆ ಅದರಿಂದ ಗಂಡಸರು ದೂರ ಓಡಬಾರದೆಂದು ಯಾರೂ ತೀರ್ಮಾನಿಸಲಿಲ್ಲ.

ಇನ್ನು ಆ ಓಟ ಗೆದ್ದವರ ಸಂಗತಿ. ಮೆಸೇಜಿನಲ್ಲಿ ಅವರ ಹೆಸರೇ ಇಲ್ಲ, ನೋಡಿ. ಬಿದ್ದವರ ಲೆಕ್ಕ ಇದೆ, ಗೆದ್ದವರ ಸುದ್ದಿ ಇಲ್ಲ. ನಿಮ್ಮ ಮಗಳಿಗೆ ಬೇಕಾದದ್ದು ಗೆದ್ದವರ ಸುದ್ದಿಯೇ.

ಅವರು ಲೀನಾ ರಾಡ್ಕೆ. ತೌರಿನ ಹೆಸರು ಬಾಟ್‌ಶೌವರ್. ಹುಟ್ಟಿದ್ದು 1903ರಲ್ಲಿ, ಜರ್ಮನಿಯ ಕಾರ್ಲ್ಸ್‌ರೂಹೆಯಲ್ಲಿ. ಹೆಂಗಸರು ನೂರು ಮೀಟರಿಗಿಂತ ದೂರ ಓಡುವುದೇ ಅಪರೂಪವಾಗಿದ್ದ ಕಾಲದಲ್ಲಿ ಅವರು ಮಧ್ಯಮ ದೂರವನ್ನು ಹಿಡಿದರು. ಗಂಡ ಗೆಯೋರ್ಗ್ ರಾಡ್ಕೆ ತಾವೇ ಓಟಗಾರರು, ಕೋಚ್ ಕೂಡ. ಮದುವೆಯಾದ ಮೇಲೆ ಇಬ್ಬರೂ ಬ್ರೆಸ್ಲೌ ಎಂಬ ಊರಿಗೆ ಹೋದರು, ಇಂದಿನ ಪೋಲೆಂಡಿನ ವ್ರೊಟ್ಸ್ವಾಫ್ ಅದು. ಅಲ್ಲಿ ಗಂಡ ಹೆಂಡತಿಗೆ 800ಕ್ಕೆಂದೇ ತರಬೇತಿ ಕೊಟ್ಟರು. ಇದು ಸಣ್ಣ ವಿಷಯದಂತೆ ಕಾಣುತ್ತದೆ, ಆದರೆ ಇಡೀ ಕಥೆಯ ಬೀಗದ ಕೈ ಇಲ್ಲಿದೆ. ಆಮ್‌ಸ್ಟರ್‌ಡಾಮ್‌ನಲ್ಲಿ ಓಡಿದ ಬಹಳಷ್ಟು ಹುಡುಗಿಯರಿಗೆ 800 ಓಡುವ ಸ್ಪರ್ಧೆಗಳೇ ಮೊದಲು ಸಿಕ್ಕಿರಲಿಲ್ಲ, ಅದಕ್ಕೆ ತರಬೇತಿ ಕೊಡುವವರೂ ಇರಲಿಲ್ಲ. ಲೀನಾ ಅವರಿಗೆ ಎರಡೂ ಇತ್ತು.

ಆ ವರ್ಷದ ಬೇಸಿಗೆಯ ಅಂಕಿಗಳನ್ನು ನೋಡಿ. ಜೂನ್‌ನಲ್ಲಿ ಸ್ವೀಡನ್ನಿನ ಇಂಗಾ ಗೆಂಟ್ಸೆಲ್ 2:20.4ಕ್ಕೆ ಓಡಿ ವಿಶ್ವದಾಖಲೆ ಮಾಡಿದರು. ಜುಲೈ 1ಕ್ಕೆ ಲೀನಾ ಅದನ್ನು 2:19.6ಕ್ಕೆ ಇಳಿಸಿದರು. ಒಂದು ತಿಂಗಳಾದ ಮೇಲೆ ಫೈನಲ್: ಲೀನಾ 2:16.8, ಜಪಾನಿನ ಕಿನುಎ ಹಿತೋಮಿ 2:17.6, ಗೆಂಟ್ಸೆಲ್ 2:17.8. ಮೊದಲ ಮೂವರೂ ಹಳೆಯ ವಿಶ್ವದಾಖಲೆಯನ್ನು ಮುರಿದಿದ್ದರು! ಮೂವರ ನಡುವೆ ಒಂದೇ ಸೆಕೆಂಡ್. ಅಂಥ ಓಟವನ್ನು ಕಂಡು ‘ಅಯ್ಯೋ ಪಾಪ’ ಎಂದವರ ಕಣ್ಣಿಗೆ ಏನೆನ್ನಬೇಕು? ಓಡಿದ್ದು ಇಂದಿನ ಸಿಂಥೆಟಿಕ್ ಟ್ರ್ಯಾಕಿನ ಮೇಲಲ್ಲ, ಕಾಲಿಟ್ಟರೆ ಸರಿಯುವ ಕಲ್ಲಿದ್ದಲ ಬೂದಿಯ ಟ್ರ್ಯಾಕಿನ ಮೇಲೆ. ಕಾಲಿಗೆ ಹಾಕಿದ್ದು ಹೆರ್ಟ್ಸೋಗೆನೌರಾಖ್ ಎಂಬ ಸಣ್ಣ ಊರಿನಲ್ಲಿ ಡಾಸ್ಲರ್ ಅಣ್ಣತಮ್ಮಂದಿರು ಮಾಡಿದ ಮುಳ್ಳಿನ ಶೂ. ಆ ಅಣ್ಣತಮ್ಮಂದಿರು ಮುಂದೆ ಜಗಳವಾಡಿ ಬೇರೆಯಾಗಿ ಒಬ್ಬರು ಆಡಿಡಾಸ್, ಇನ್ನೊಬ್ಬರು ಪೂಮಾ ಕಟ್ಟಿದರು. ಈ ಒಂದು ಸಂಗತಿಯನ್ನು ನಿಮ್ಮ ಮಗಳಿಗೆ ಹೇಳಿ, ಖುಷಿಪಡುತ್ತಾಳೆ.

ಅದು ಒಲಿಂಪಿಕ್ ಅಥ್ಲೆಟಿಕ್ಸ್‌ನಲ್ಲಿ ಜರ್ಮನಿಯ ಮೊತ್ತಮೊದಲ ಚಿನ್ನ. ಗಂಡಸರಿಗೂ ಅಲ್ಲಿಯವರೆಗೆ ಸಿಕ್ಕಿರಲಿಲ್ಲ. ಲೀನಾ ಅವರ 2:16.8 ಹದಿನಾರು ವರ್ಷ ಅಧಿಕೃತ ದಾಖಲೆಯಾಗಿ ಉಳಿಯಿತು. 1944ರಲ್ಲಿ ಸ್ವೀಡನ್ನಿನ ಅನ್ನಾ ಲಾರ್ಸನ್ ಅದನ್ನು ಮುರಿದರು. ಅಷ್ಟು ವರ್ಷ ನಿಂತದ್ದು ಓಟ ಅಷ್ಟು ಶ್ರೇಷ್ಠವಾಗಿದ್ದಕ್ಕೆ ಎನ್ನಲು ಮನಸ್ಸಾಗುತ್ತದೆ. ಅರ್ಧ ನಿಜ ಅಷ್ಟೆ. ಒಲಿಂಪಿಕ್ಸ್‌ನಿಂದಲೇ ತೆಗೆದ ಮೇಲೆ 800ಕ್ಕೆ ಹುಡುಗಿಯರನ್ನು ತಯಾರು ಮಾಡುವವರು ಕಡಿಮೆಯಾದರು, ಅದೂ ಒಂದು ಕಾರಣ.

ಆ ಓಟದಿಂದ ಲೀನಾ ಹಾಳಾದರೇ? ಓಡುವುದನ್ನೇ ನಿಲ್ಲಿಸಲಿಲ್ಲ. ಫ್ರಾನ್ಸಿನ ಆಲಿಸ್ ಮಿಯಾ ಎಂಬ ಹಟಮಾರಿ ಹೆಂಗಸು, ಒಲಿಂಪಿಕ್ಸ್‌ನವರು ಸೇರಿಸಿಕೊಳ್ಳದಿದ್ದರೆ ನಾವೇ ಮಾಡುತ್ತೇವೆ ಎಂದು 1922ರಿಂದ ನಾಲ್ಕು ವರ್ಷಕ್ಕೊಮ್ಮೆ ಮಹಿಳೆಯರದೇ ವಿಶ್ವಕೂಟ ನಡೆಸುತ್ತಿದ್ದರು. 1930ರಲ್ಲಿ ಪ್ರಾಗ್‌ನಲ್ಲಿ ನಡೆದ ಆ ಕೂಟದಲ್ಲಿ ಲೀನಾ 800ರ ಬೆಳ್ಳಿ ಗೆದ್ದರು. 1934ರ ಲಂಡನ್ ಕೂಟದ ನಂತರ ಸ್ಪರ್ಧೆ ಬಿಟ್ಟರು. ತೀರಿಕೊಂಡದ್ದು 1983ರಲ್ಲಿ, ಹುಟ್ಟಿದ ಊರಾದ ಕಾರ್ಲ್ಸ್‌ರೂಹೆಯಲ್ಲಿ, 79ನೇ ವಯಸ್ಸಿನಲ್ಲಿ. ನಿಮ್ಮತ್ತೆಯವರಿಗೆ ಇದನ್ನು ಮೆಲ್ಲಗೆ ಹೇಳಿ.

‘ಈ ಓಟ ಓಡಿದರೆ ಮುಂದೆ ಮಕ್ಕಳಾಗುವುದಿಲ್ಲ’ ಎಂಬ ಮಾತನ್ನು ನೀವು ಬರೆದಿಲ್ಲ. ಆದರೆ ಅತ್ತೆಯವರ ಮನಸ್ಸಿನಲ್ಲಿ ಇರಬಹುದು, ಅನೇಕ ಮನೆಗಳಲ್ಲಿ ಇರುತ್ತದೆ. ಆ ಫೈನಲ್‌ನಲ್ಲಿ ಏಳನೆಯವರಾಗಿ ಬಂದವರು ಜರ್ಮನಿಯ ಮರೀ ಡೋಲಿಂಗರ್. 800 ರದ್ದಾದ ಮೇಲೆ ಅವರು ಅನಿವಾರ್ಯವಾಗಿ 100 ಮೀಟರಿಗೂ ರಿಲೇಗೂ ಹೋದರು. ಬರ್ಲಿನ್‌ನಲ್ಲಿ, ಸ್ವಂತ ದೇಶದ ಜನರ ಎದುರು, ಗೆಲ್ಲುತ್ತಿದ್ದ ರಿಲೇಯಲ್ಲಿ ಅವರ ಕೈಯಿಂದ ಮುಂದಿನವರ ಕೈಗೆ ಹೋಗುವಾಗ ಬ್ಯಾಟನ್ ಬಿದ್ದುಹೋಯಿತು. ಪಾಪ, ಇತಿಹಾಸ ಅವರನ್ನು ನೆನೆಯುವುದು ಅದಕ್ಕೇ. ಅವರ ಮಗಳು ಬ್ರೂನ್‌ಹಿಲ್ಡೆ ಹೆಂಡ್ರಿಕ್ಸ್ 1960ರ ರೋಮ್ ಒಲಿಂಪಿಕ್ಸ್‌ನಲ್ಲಿ 4x100 ರಿಲೇಯ ಬೆಳ್ಳಿ ಗೆದ್ದಳು. ತಾಯಿ ಓಡಿ ‘ಕೆಟ್ಟ’ ಆ 800 ವಾಪಸ್ ಬಂದ ಅದೇ ರೋಮ್!

ಇನ್ನು ಹಿತೋಮಿ. ಮೆಸೇಜಿನಲ್ಲಿ ನಿಜದ ಎಳೆ ಇರುವುದು ಇಲ್ಲಿ. ಅದಕ್ಕೇ ಇದು ಹೆಚ್ಚು ಅಪಾಯದ ಭಾಗ. ಹಿತೋಮಿ ಆಮ್‌ಸ್ಟರ್‌ಡಾಮ್‌ಗೆ ಜಪಾನಿನಿಂದ ಹೋದ ಒಬ್ಬರೇ ಮಹಿಳಾ ಅಥ್ಲೀಟ್. ಅವರದು 100 ಮೀಟರ್ ಮತ್ತು ಉದ್ದ ಜಿಗಿತ. ಉದ್ದ ಜಿಗಿತ ಹೆಂಗಸರಿಗೆ ಇರಲೇ ಇಲ್ಲ, 100ರಲ್ಲಿ ಸೆಮಿಫೈನಲ್‌ಗೆ ನಿಂತರು. ಬರಿಗೈಯಲ್ಲಿ ಊರಿಗೆ ಹೋಗುವುದು ಹೇಗೆಂದು, ಅಭ್ಯಾಸವೇ ಇಲ್ಲದ 800ಕ್ಕೆ ಇಳಿದರು. ಜಪಾನಿನ ಹೆಣ್ಣೊಬ್ಬಳು ಗೆದ್ದ ಮೊದಲ ಒಲಿಂಪಿಕ್ ಪದಕ ಅದು. ತೀರಿಕೊಂಡದ್ದು ಮೂರು ವರ್ಷ ಕಳೆದು, ವಿಚಿತ್ರವೆಂದರೆ ಅದೇ ಆಗಸ್ಟ್ 2ರಂದು, 1931ರಲ್ಲಿ. ವಯಸ್ಸು 24. ತಾರೀಕು ಒಂದೇ ಆದ್ದರಿಂದ ಕಥೆ ಕಟ್ಟುವವರಿಗೆ ಸುಲಭವಾಯಿತು. ಸತ್ತದ್ದು ನ್ಯುಮೋನಿಯಾದಿಂದ. ಪ್ರಾಗ್ ಕೂಟವಾದ ಮೇಲೆ ಯುರೋಪಿನಲ್ಲಿ ಸಾಲು ಸಾಲು ಸ್ಪರ್ಧೆ, ಊರಿಗೆ ಬಂದರೆ ಪ್ರಯಾಣಕ್ಕೆ ದುಡ್ಡು ಕೂಡಿಸಿಕೊಟ್ಟವರಿಗೆ ಕೃತಜ್ಞತೆ ಹೇಳುವ ಓಡಾಟ, ಭಾಷಣ, ಜೊತೆಗೆ ಪತ್ರಿಕೆಯ ಕೆಲಸ. ಮೈಗೆ ವಿಶ್ರಾಂತಿ ಇರಲಿಲ್ಲ, ನ್ಯುಮೋನಿಯಾಕ್ಕೆ ಕೊಡಲು ಆಗ ಆಂಟಿಬಯಾಟಿಕ್ ಎಂಬ ಔಷಧಿಯೂ ಇರಲಿಲ್ಲ. ಎರಡು ನಿಮಿಷ ಹದಿನೇಳು ಸೆಕೆಂಡಿನ ಓಟ ಮೂರು ವರ್ಷ ಕಾದು ಕೊಲ್ಲುವುದಿಲ್ಲ. ಆದರೆ ವಿಶ್ರಾಂತಿ ಇಲ್ಲದ ದುಡಿತ ದೇಹವನ್ನು ಸೋಂಕಿನೆದುರು ದುರ್ಬಲ ಮಾಡುತ್ತದೆ. ಹಿತೋಮಿ ಅವರಿಂದ ಕಲಿಯಬೇಕಾದ್ದು ಇದನ್ನೇ.

ಈಗ ನೀವು ಕಣ್ಣಾರೆ ಕಂಡದ್ದಕ್ಕೆ ಬರೋಣ.

800 ಮೀಟರ್ ಒಂದು ಹಾದರದ ದೂರ, ಅಮ್ಮಾ. ಕ್ಷಮಿಸಿ, ಮೈದಾನದ ಭಾಷೆ. ಅತ್ತ ಪೂರ್ತಿ ಸ್ಪ್ರಿಂಟೂ ಅಲ್ಲ, ಇತ್ತ ಪೂರ್ತಿ ದೂರದ ಓಟವೂ ಅಲ್ಲ. ಬೇಕಾದ ಶಕ್ತಿಯಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಉಸಿರಾಡಿದ ಆಮ್ಲಜನಕದಿಂದ ಬರುತ್ತದೆ. ಉಳಿದ ಪಾಲನ್ನು ಸ್ನಾಯುಗಳು ಆಮ್ಲಜನಕ ಕಾಯದೆ, ಸಾಲ ತಂದಂತೆ, ಒಳಗಿನ ಸಕ್ಕರೆಯನ್ನು ಒಡೆದು ಮಾಡಿಕೊಳ್ಳುತ್ತವೆ. ಆ ಸಾಲಕ್ಕೆ ಬಡ್ಡಿಯಾಗಿ ಸ್ನಾಯು ಮತ್ತು ರಕ್ತದಲ್ಲಿ ಹುಳಿತನ ಏರುತ್ತದೆ. ಕಾಲು ಕಲ್ಲಾಗುವುದು, ಕೈ ಮೇಲೇಳದಿರುವುದು, ಹೊಟ್ಟೆ ತೊಳಸುವುದು ಅದರಿಂದ. ಇದು ವಿಷವಲ್ಲ. ಸುಮಾರು ಒಂದು ಗಂಟೆಯಲ್ಲಿ ದೇಹ ತಾನೇ ಸರಿಮಾಡಿಕೊಳ್ಳುತ್ತದೆ. ಮರುದಿನದ ಮೈಕೈ ನೋವಿಗೆ ‘ಲ್ಯಾಕ್ಟಿಕ್ ಆಸಿಡ್ ಉಳಿದಿದೆ’ ಎನ್ನುವವರಿದ್ದಾರೆ, ನಮ್ಮ ಕೋಚ್‌ಗಳಲ್ಲೂ ಇದ್ದಾರೆ. ಅದೂ ತಪ್ಪು. ಆ ನೋವು ಸ್ನಾಯುವಿನ ಎಳೆಗಳಿಗಾದ ಸಣ್ಣ ಪೆಟ್ಟಿನದು.

ಬೀಳುವುದಕ್ಕೆ ಬೇರೆ ಕಾರಣ ಇದೆ. ಓಡುವಾಗ ರಕ್ತ ಹೆಚ್ಚಾಗಿ ಕಾಲಿಗೆ ಹರಿಯುತ್ತದೆ. ಅದನ್ನು ಮೇಲೆ ಹೃದಯಕ್ಕೆ ಹಿಂಡಿ ಕಳಿಸುವುದು ಮೀನಖಂಡ ಮತ್ತು ತೊಡೆಯ ಸ್ನಾಯುಗಳು, ಬೋರ್‌ವೆಲ್ ಕೈಪಂಪಿನ ಹಾಗೆ. ಗೆರೆ ದಾಟಿ ತಟ್ಟನೆ ನಿಂತರೆ ಪಂಪು ನಿಂತಿತು, ರಕ್ತ ಕಾಲಲ್ಲೇ ಉಳಿಯಿತು, ಬಿ.ಪಿ. ಇಳಿಯಿತು, ತಲೆ ಸುತ್ತಿತು. ನೆಲಕ್ಕೆ ಬಿದ್ದು ಮಲಗಿದರೆ ರಕ್ತ ಮತ್ತೆ ತಲೆಗೆ ಸಿಗುತ್ತದೆ, ಅಂದರೆ ಬೀಳುವುದು ದೇಹ ಮಾಡಿಕೊಳ್ಳುವ ಉಪಾಯವೇ. ಅದಕ್ಕೇ ನಾನು ಗೆರೆಯಾಚೆ ನಿಂತು ಹುಡುಗಿಯರ ಮೊಣಕೈ ಹಿಡಿದು ‘ನಡಿ, ನಡಿ, ಕೂರಬೇಡ’ ಎಂದು ಬೈಯುತ್ತಾ ನಡೆಸುವುದು. ನೋಡಿದವರಿಗೆ ಕ್ರೂರ ಎನಿಸಬಹುದು. ಎರಡು ನಿಮಿಷ ಕಾಲೆಳೆದುಕೊಂಡಾದರೂ ನಡೆದವರು ಬೇಗ ಸರಿಹೋಗುತ್ತಾರೆ. ತಲೆ ಸುತ್ತಿ ನಿಲ್ಲಲಾಗದಿದ್ದರೆ ಮಾತ್ರ ಮಲಗಿಸಿ ಕಾಲು ಮೇಲೆ ಎತ್ತಿ ಹಿಡಿಯಬೇಕು.

ನಿಮ್ಮ ಮಗಳ ವಿಷಯದಲ್ಲಿ ಇನ್ನೂ ಎರಡು ಸಂಗತಿ ಕೂಡಿಕೊಂಡಿವೆ, ಎರಡನ್ನೂ ನೀವೇ ಬರೆದಿದ್ದೀರಿ. ಒಂದು, ಹನ್ನೊಂದು ಗಂಟೆಯ ಚಿತ್ರಾನ್ನ. ಎಣ್ಣೆ, ಕಡಲೆಬೀಜ, ಅನ್ನ, ಒಂದು ಗಂಟೆಯಲ್ಲಿ ಹೊಟ್ಟೆಯಿಂದ ಕೆಳಗಿಳಿಯುವುದಿಲ್ಲ. ರಕ್ತವೆಲ್ಲ ಕಾಲಿಗೆ ಹೋದಾಗ ಹೊಟ್ಟೆ ಅದನ್ನು ವಾಪಸ್ ಕೊಟ್ಟಿದೆ. ಊಟ ಓಟಕ್ಕೆ ಮೂರು ಗಂಟೆ ಮೊದಲು ಮುಗಿಯಬೇಕು, ನಡುವೆ ಬೇಕಾದರೆ ಅರ್ಧ ಬಾಳೆಹಣ್ಣು, ಗುಟುಕು ನೀರು.

ಇನ್ನೊಂದು ಆ 70 ಸೆಕೆಂಡ್. ಮೇಷ್ಟ್ರು ಬರೆದಿಟ್ಟಿದ್ದಕ್ಕೆ ಅವರಿಗೆ ನನ್ನ ನಮಸ್ಕಾರ ಹೇಳಿ, ಎಷ್ಟೋ ಮಂದಿ ಒಟ್ಟು ಟೈಮ್ ಮಾತ್ರ ಬರೆಯುತ್ತಾರೆ. ಒಟ್ಟು 158 ಸೆಕೆಂಡಿನಲ್ಲಿ ಮೊದಲ ಸುತ್ತು 70 ಆದರೆ ಎರಡನೆಯದು 88. ಹದಿನೆಂಟು ಸೆಕೆಂಡಿನ ಅಂತರ! ಅವಳ ಕಾಲಿಗೆ ಇನ್ನೂ 200 ಮೀಟರಿನ ಅಭ್ಯಾಸ. ಸೀಟಿ ಊದಿದ ಕೂಡಲೇ ಹಾರಿದ್ದಾಳೆ, ಮೊದಲ ಸುತ್ತಿನಲ್ಲೇ ಸಾಲವೆಲ್ಲ ಮಾಡಿದ್ದಾಳೆ, ಎರಡನೇ ಸುತ್ತಿನಲ್ಲಿ ತೀರಿಸುತ್ತಾ ಬಂದಿದ್ದಾಳೆ. ಆದರೂ ಎರಡನೇ ಬಂದಳಲ್ಲ, ಗಟ್ಟಿ ಹುಡುಗಿ. ಅದೇ ಹುಡುಗಿ ಮೊದಲ ಸುತ್ತನ್ನು 76ರಲ್ಲಿ ಹಿಡಿದಿಟ್ಟುಕೊಂಡರೆ ಎರಡನೆಯದನ್ನು 78ರಲ್ಲಿ ಓಡಬಲ್ಲಳು ಎಂದು ನನ್ನ ಅಂದಾಜು. ಅಲ್ಲಿಗೆ 2:34. ಕಡಿಮೆ ನೋವಿಗೆ ಒಳ್ಳೆಯ ಟೈಮ್. ಅಭ್ಯಾಸವಿಲ್ಲದೆ ಓಡಿದವರಿಗೂ ಲೀನಾ ಅವರಿಗೂ ಇದ್ದ ಫರಕು ಇದೇ ಜಾತಿಯದು.

ಇದೆಲ್ಲ ಸಾಮಾನ್ಯ ಆಯಾಸ ಎಂದು ನಾನು ಹೇಳುತ್ತಿರುವುದು ಪತ್ರ ಓದಿ. ಅವಳನ್ನು ನಾನು ನೋಡಿಲ್ಲ. ಆದ್ದರಿಂದ ಯಾವುದಕ್ಕೆ ಹೆದರಬೇಕು ಎಂಬುದನ್ನೂ ಹೇಳಲೇಬೇಕು. ಓಟ ಮುಗಿದ ಮೇಲೆ ಬೀಳುವುದು ಬೇರೆ, ಓಡುತ್ತಿರುವಾಗಲೇ ಪ್ರಜ್ಞೆ ತಪ್ಪಿ ಬೀಳುವುದು ಬೇರೆ. ಎರಡನೆಯದು ಒಂದೇ ಸಲ ಆದರೂ ಮೈದಾನದ ಕಡೆ ಮುಖ ಹಾಕಬಾರದು, ಹೃದಯದ ಡಾಕ್ಟರ ಬಳಿ ಹೋಗಿ ಇ.ಸಿ.ಜಿ. ಮತ್ತು ಎಕೋ ಮಾಡಿಸಬೇಕು. ಓಡುವಾಗ ಎದೆ ನೋವು, ಕಾರಣವಿಲ್ಲದೆ ಎದೆ ಹೊಡೆದುಕೊಳ್ಳುವುದು, ಮನೆತನದಲ್ಲಿ ಯಾರಾದರೂ ಚಿಕ್ಕ ವಯಸ್ಸಿನಲ್ಲಿ ಇದ್ದಕ್ಕಿದ್ದಂತೆ ತೀರಿಕೊಂಡದ್ದು, ಇವೂ ಅಷ್ಟೇ. ಬಿಸಿಲಲ್ಲಿ ಬಿದ್ದು ಮಾತು ತೊದಲಿದರೆ, ಗೊಂದಲವಾಗಿ ಏನೇನೋ ಹೇಳಿದರೆ ಅದು ಬಿಸಿಲಿನ ಹೊಡೆತ. ತಲೆಯಿಂದ ಕಾಲಿನವರೆಗೆ ತಣ್ಣೀರು ಸುರಿಯುತ್ತಲೇ ಆಸ್ಪತ್ರೆಗೆ ಒಯ್ಯಬೇಕು. ನಿಮ್ಮ ಮಗಳು ಸರಿಯಾಗಿ ಉತ್ತರ ಕೊಡುತ್ತಿದ್ದಳು ಎಂದಿದ್ದೀರಿ, ಆ ಒಂದು ವಾಕ್ಯ ನನಗೆ ಬಹಳ ಸಮಾಧಾನ ಕೊಟ್ಟಿತು.

ಆದರೂ ಒಂದು ಪರೀಕ್ಷೆ ಈ ವಾರವೇ ಆಗಲಿ: ರಕ್ತದ ಹಿಮೋಗ್ಲೋಬಿನ್, ಸಾಧ್ಯವಾದರೆ ಫೆರಿಟಿನ್ (ಮೈಯಲ್ಲಿ ಕೂಡಿಟ್ಟ ಕಬ್ಬಿಣದ ಲೆಕ್ಕ) ಕೂಡ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನ ಪ್ರಕಾರ ದೇಶದಲ್ಲಿ 15ರಿಂದ 19ರ ಹುಡುಗಿಯರಲ್ಲಿ ನೂರಕ್ಕೆ 59 ಮಂದಿಗೆ ರಕ್ತಹೀನತೆ ಇದೆ. ಇದರಲ್ಲಿ ನನ್ನದೇ ಒಂದು ತಪ್ಪು ಇದೆ, ಹೇಳಿಕೊಂಡುಬಿಡುತ್ತೇನೆ. ಕೋಚ್ ಆದ ಹೊಸದರಲ್ಲಿ ಹಾಸ್ಟೆಲಿನ ಒಬ್ಬ ಹುಡುಗಿಯನ್ನು ಎರಡು ತಿಂಗಳು ಸೋಮಾರಿ ಎಂದು ಬೈದಿದ್ದೆ. ಐದನೇ ರೌಂಡಿಗೆ ನಿಂತುಬಿಡುತ್ತಿದ್ದಳು. ಕೊನೆಗೆ ಬೇರೇನೋ ಜ್ವರಕ್ಕೆ ಆಸ್ಪತ್ರೆಗೆ ಹೋದಾಗ ಗೊತ್ತಾಯಿತು, ಹಿಮೋಗ್ಲೋಬಿನ್ 8.4. ಹನ್ನೆರಡು ಇರಬೇಕಾದಲ್ಲಿ ಎಂಟು ಇಟ್ಟುಕೊಂಡು ಐದು ರೌಂಡ್ ಓಡುತ್ತಿದ್ದವಳನ್ನು ನಾನು ಸೋಮಾರಿ ಎಂದಿದ್ದೆ. ಅಂದಿನಿಂದ ರಕ್ತದ ರಿಪೋರ್ಟ್ ನೋಡದೆ ಯಾವ ಹುಡುಗಿಗೂ 800 ಕಲಿಸಿಲ್ಲ. ಹನ್ನೆರಡಕ್ಕಿಂತ ಕಡಿಮೆ ಬಂದರೆ ಡಾಕ್ಟರು ಮಾತ್ರೆ ಕೊಡುತ್ತಾರೆ. ಮನೆಯಲ್ಲಿ ರಾಗಿ, ಮೊಳಕೆ ಕಾಳು, ನುಗ್ಗೆಸೊಪ್ಪು, ಮೇಲೆ ನಿಂಬೆಹುಳಿ ಇರಲಿ. ಊಟದ ಜೊತೆಗೆ ಕಾಫಿ ಟೀ ಬೇಡ, ಅವು ಕಬ್ಬಿಣದ ಅಂಶ ಮೈಗೆ ಹತ್ತಲು ಬಿಡುವುದಿಲ್ಲ. ಇನ್ನೊಂದು, ಮುಟ್ಟು. ಓಟ ಜೋರಾದ ಮೇಲೆ ಮೂರು ತಿಂಗಳು ಮುಟ್ಟು ನಿಂತರೆ ‘ಓಡುವವರಿಗೆ ಹಾಗೇ’ ಎಂದು ಸುಮ್ಮನಿರಬೇಡಿ. ಹೆಚ್ಚಾಗಿ ಅದು ಮಾಡುವ ಶ್ರಮಕ್ಕೆ ತಕ್ಕ ಊಟ ಸಾಲುತ್ತಿಲ್ಲ ಎಂಬ ಸೂಚನೆ. ಹಾಗೇ ಬಿಟ್ಟರೆ ಮೂಳೆ ಸವೆಯುತ್ತದೆ.

ರಿಪೋರ್ಟ್ ಚೆನ್ನಾಗಿದ್ದರೆ ಮುಂದಿನ ದಾರಿ ಯಾವುದು? 400ಕ್ಕೆ ಬದಲಾಯಿಸಿದರೆ ಬೀಳುವುದು ತಪ್ಪುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಮೈಯಲ್ಲಿ ಹುಳಿ ಏರುವುದು 400ರಲ್ಲೂ ಅಷ್ಟೇ ಇರುತ್ತದೆ, ವೇಗ ಹೆಚ್ಚಾದ್ದರಿಂದ ತೊಡೆಯ ಹಿಂದಿನ ಸ್ನಾಯು ಎಳೆದುಕೊಳ್ಳುವ ಭಯವೂ ಜಾಸ್ತಿ. 1500ಕ್ಕೆ ಹೋದರೆ ಗೆರೆಯಾಚೆಯ ಯಾತನೆ ಸ್ವಲ್ಪ ಕಡಿಮೆ, ಆದರೆ ವಾರದಲ್ಲಿ ಓಡುವ ಕಿಲೋಮೀಟರ್ ಏರುತ್ತದೆ. ಹದಿನೈದರ ಎಳೆ ಮೂಳೆಗೆ ಅದನ್ನು ಅವಸರದಲ್ಲಿ ಏರಿಸಿದರೆ ಮೊಣಕಾಲ ಕೆಳಗಿನ ಮುಂಗಾಲು ನೋವು ಗ್ಯಾರಂಟಿ. ಪೂರ್ತಿ ಬಿಡಿಸುವುದೂ ಒಂದು ದಾರಿ. ಅದಕ್ಕೂ ನಷ್ಟವಿದೆ, ಹಟ ಹಿಡಿದ ಮಗಳನ್ನು ನೋಡುತ್ತಿರುವ ನಿಮಗೆ ಅದನ್ನು ನಾನು ಬಿಡಿಸಿ ಹೇಳಬೇಕಿಲ್ಲ.

ನನ್ನನ್ನು ಕೇಳಿದರೆ 800ರಲ್ಲೇ ಇರಲಿ, ಆದರೆ ಮೂರು ವಾರದ ಪ್ರಾಕ್ಟೀಸಿನ 800 ಮತ್ತೆ ಬೇಡ. ಮೊದಲ ಮೂರು ತಿಂಗಳು ಸ್ಟಾಪ್‌ವಾಚ್ ಕಪಾಟಿನಲ್ಲಿರಲಿ. ವಾರಕ್ಕೆ ನಾಲ್ಕು ದಿನ, ಪಕ್ಕದವಳ ಜೊತೆ ಮಾತಾಡುತ್ತಾ ಓಡಬಹುದಾದ ವೇಗದಲ್ಲಿ ಇಪ್ಪತ್ತರಿಂದ ಮೂವತ್ತು ನಿಮಿಷ. ಆಮೇಲೆ ವಾರಕ್ಕೊಮ್ಮೆ 200 ಮೀಟರಿನ ಆರು ಓಟ, ಪ್ರತಿಯೊಂದೂ 38 ಸೆಕೆಂಡಿಗೆ, ನಡುವೆ ಎರಡು ನಿಮಿಷ ನಡಿಗೆ. ಮೂವತ್ತೆರಡರಲ್ಲಿ ಓಡಬಲ್ಲವಳಿಗೆ 38ರಲ್ಲಿ ಓಡು ಎಂದರೆ ಸಿಟ್ಟು ಬರುತ್ತದೆ, ಬರಲಿ. ಆ ನಿಧಾನವನ್ನು ಕಾಲು ಕಲಿತರೆ ಮಾತ್ರ 76ರ ಸುತ್ತು ಬರುವುದು. ಪರೀಕ್ಷೆಯ ವರ್ಷ, ಟ್ಯೂಷನ್ ಇರುತ್ತದೆ. ನಿದ್ದೆ ಎಂಟು ಗಂಟೆಗಿಂತ ಕಡಿಮೆಯಾದ ದಿನ ಓಟ ಬೇಡ.

ಈ ದೂರ ನಮ್ಮ ಹುಡುಗಿಯರದಲ್ಲ ಎನ್ನುವ ಮಾತೂ ಮೈದುನನಿಂದ ಬರಬಹುದು. 1984ರ ಲಾಸ್ ಏಂಜಲೀಸ್‌ನಲ್ಲಿ ಕೇರಳದ ಶೈನಿ ಅಬ್ರಹಾಂ ಇದೇ 800ರಲ್ಲಿ ಸೆಮಿಫೈನಲ್ ಮುಟ್ಟಿದ್ದರು. 2010ರಲ್ಲಿ ಟಿಂಟು ಲುಕಾ 1:59.17ಕ್ಕೆ ಓಡಿದರು. ಲೀನಾ ಅವರ ವಿಶ್ವದಾಖಲೆಗಿಂತ ಹದಿನೇಳು ಸೆಕೆಂಡ್ ಬೇಗ.

ಮುಂದಿನ ಓಟಕ್ಕೆ ನೀವೂ ಹೋಗಿ. ಅತ್ತೆಯವರನ್ನೂ ಕರೆದುಕೊಂಡು ಹೋಗಿ, ಮನೆಯಲ್ಲಿ ಕೂತು ಕಲ್ಪಿಸಿಕೊಳ್ಳುವುದಕ್ಕಿಂತ ನೋಡುವುದು ಮೇಲು. ಗೆರೆಯಿಂದ ಹತ್ತು ಮೀಟರ್ ಆಚೆ ನೆರಳಿನಲ್ಲಿ ನೀರಿನ ಬಾಟಲಿ, ಒದ್ದೆ ಟವೆಲ್ ಹಿಡಿದು ನಿಲ್ಲಿ. ಬಂದ ಕೂಡಲೇ ತಬ್ಬಿಕೊಂಡು ಕೂರಿಸಬೇಡಿ, ಮೊಣಕೈ ಹಿಡಿದು ನಡೆಸಿ. ಎರಡು ನಿಮಿಷವಾದ ಮೇಲೆ ‘ಮಧ್ಯಾಹ್ನ ಊಟಕ್ಕೇನು ಬೇಕು’ ಎಂದು ಕೇಳಿ. ಪೂರ್ತಿ ವಾಕ್ಯದಲ್ಲಿ ಉತ್ತರ ಬಂದರೆ ಸರಿ ಇದ್ದಾಳೆ. ಹಿಮೋಗ್ಲೋಬಿನ್ ಎಷ್ಟು ಬಂತು ಎಂದು ಬರೆಯಿರಿ, ಅದನ್ನು ನೋಡಿ ಮುಂದಿನ ಮೂರು ತಿಂಗಳ ಓಟದ ಪಟ್ಟಿಯನ್ನು ಮೇಷ್ಟ್ರ ಜೊತೆ ಮಾತಾಡಿ ಮಾಡಿಕೊಡುತ್ತೇನೆ.